ರಾಯರ ಫಿಯೆಟ್ಟಿನ ಮುಖ ಯಾವ ಕಡೆ

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹನುಮಂತರಾಯರ ಫಿಯೆಟ್ ಕಾರಿಗೆ ನಾನು ಮಾಡಿದ್ದು ಪೂಜೆ. ಪೂಜೆಯ ಹೊರತು ಬೇರೆ ಉದ್ದೇಶ ನನಗಿರಲಿಲ್ಲ. ಮರುದಿನ ಬಸವಲಿಂಗಪ್ಪನವರು ಬರೆದ ಪಂಚನಾಮೆಯಲ್ಲಿ ಈ ಸಂಗತಿಗೆ ಜಾಗವೇ ಸಿಗಲಿಲ್ಲವಾದ್ದರಿಂದ ಇಲ್ಲಿ ಬರೆಯಬೇಕಾಗಿ ಬಂದಿದೆ.

ಇದು ಎಂಬತ್ತೆರಡರ ದಸರಾ ಮಾತು. ನಾವಿದ್ದದ್ದು ಮೆಹದಿಪಟ್ಟಣಂನ ಒಂದು ಓಣಿಯಲ್ಲಿ. ಹನ್ನೊಂದು ಮನೆ, ಆರು ಸ್ಕೂಟರು, ಲೆಕ್ಕವಿಲ್ಲದಷ್ಟು ಸೈಕಲ್ಲು, ಒಂದೇ ಒಂದು ಕಾರು. ಅದು ರಾಯರದು. ಅರವತ್ತೊಂದರ ಮಾದರಿ, ಬಣ್ಣ ಮಜ್ಜಿಗೆಯದು. ರಾಯರು ಖಜಾನೆ ಇಲಾಖೆಯಿಂದ ನಿವೃತ್ತರಾದವರು, ವಯಸ್ಸು ಎಪ್ಪತ್ತೆರಡು. ಕಾರಿನಲ್ಲಿ ಕೂತಾಗ ಮಾತ್ರ ಐವತ್ತು.

ನಾನು ಪಟಾನ್‌ಚೆರು ರಸ್ತೆಯ ಒಂದು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ನಕ್ಷೆ ತೆಗೆಯುವವ. ಡ್ಯೂಟಿ ಮುಗಿಸಿ ನಾಂಪಲ್ಲಿಗೆ ಹೋಗಿ, ಸಂಜೆ ತರಗತಿಯಲ್ಲಿ ಕೂತು, ಮೂರು ವರ್ಷದ ಡಿಪ್ಲೊಮಾವನ್ನು ಐದು ವರ್ಷಕ್ಕೆ ಮುಗಿಸಿದೆ. ಅದರ ಮರುವಾರ ರಾಯರು ಯಾರಿಗೋ ನನ್ನನ್ನು ತೋರಿಸಿ, “ಇವರು ನಮ್ಮ ಓಣಿ ಇಂಜಿನಿಯರ್” ಎಂದರು. ಅಲ್ಲ, ನಾನು ನಕ್ಷೆ ತೆಗೆಯುವವ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಚಹಾ ಬಂತು. ಚಹಾ ಕುಡಿದ ಮೇಲೆ ಹೇಳೋಣ ಎಂದುಕೊಂಡೆ. ಹೀಗೆ ಆರು ವರ್ಷ ಕಳೆಯಿತು. ಇಂಜಿನ್ನನ್ನು ಸೀಳಿದರೆ ಒಳಗೆ ಹೇಗೆ ಕಾಣುತ್ತದೆಂದು ನಾನು ಮೂರು ದಿಕ್ಕಿನಿಂದ ಬರೆದು ತೋರಿಸಬಲ್ಲೆ. ಆದರೆ ಕಾಗದದ ಮೇಲಿನ ಇಂಜಿನ್ನು ಸದ್ದು ಮಾಡುವುದಿಲ್ಲ. ನನಗೆ ಅಭ್ಯಾಸವಿದ್ದದ್ದು ಅಂಥ ಇಂಜಿನ್ನು.

ನವರಾತ್ರಿಗೆ ರಾಯರು ರಾಯಚೂರಿಗೆ ಮಗಳ ಮನೆಗೆ ಹೊರಟಾಗ ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು.

“ಎರಡು ದಿನಕ್ಕೊಮ್ಮೆ ಚಾಲೂ ಮಾಡಿ ಮಾಸಬ್ ಟ್ಯಾಂಕ್ ತನಕಾ ಅಡ್ಡಾಡಿಸಿಕೊಂಡು ಬಾ ವಾಸುದೇವಾ. ಈ ಸಲಾ ಭಾಳ ನಾಜೂಕದ ಪ್ರಸಂಗ ಐತಿ.”

“ಏನು ರಾಯರ?”

“ಅಳಿಯ ಮಲ್ಲಿಕಾರ್ಜುನ ಎರಡು ವರ್ಷದಿಂದ ಜೀವಾ ತಿನ್ನಾಕತ್ತಾನ, ಗಾಡಿ ಮಾರ್ರಿ, ನಿಮಗ ವಯಸ್ಸಾತು, ಗಾಡಿಗೂ ಆತು ಅಂತ. ಕೊಳ್ಳಾವನ್ನೂ ನೋಡಿ ಇಟ್ಟಾನ. ಕಬಾಡಿಯವ, ಗುಜರಿ ಅಂಗಡಿಯಾವ. ಒಯ್ದು ತುಂಡು ತುಂಡು ಮಾಡತಾನ. ನಾನೂ ಬಿಡಲಿಲ್ಲ. ಅವಗ, ದಶಮಿ ದಿನ ನೀನೂ ಬಾ, ಬಂಜಾರಾ ಹಿಲ್ಸ್ ಏರಿ ನನ್ನ ತಂಗಿ ಗಂಗೂಬಾಯಿ ಮನಿಗೆ ಬನ್ನಿ ಕೊಡಾಕ ಹೋಗೂಣು, ಗಾಡಿ ಒಂದು ಮಾತು ತಕರಾರು ಮಾಡಿದ್ರ ಅಲ್ಲೇ ಮಾರತೀನಿ ಅಂತ ವಚನಾ ಕೊಟ್ಟೀನಿ. ಏನೂ ಮಾಡೂದಿಲ್ಲ ಅದು. ನೀ ಇದ್ದೀಯಲ್ಲ, ಇಂಜಿನಿಯರ್!”

ಇಷ್ಟು ಹೇಳಿ ಅವರು ರೈಲು ಹತ್ತಿದರು. ನನಗೆ ಎಂಟು ದಿನ ಸರಿಯಾಗಿ ಊಟ ಸೇರಲಿಲ್ಲ.

ಖಂಡೇನವಮಿ ಬಂತು. ಆ ದಿನ ನಮ್ಮಲ್ಲಿ ಮನೆಯ ಆಯುಧಗಳಿಗೆಲ್ಲ ಪೂಜೆ. ಪೂಜೆಗೆ ಇಟ್ಟಿದ್ದನ್ನು ಮರುದಿನ ದಶಮಿ ಪೂಜೆ ಆಗುವ ತನಕ ಎತ್ತುವಂತಿಲ್ಲ. ನಾನು ಬೆಳಿಗ್ಗೆ ಆರಕ್ಕೇ ಎದ್ದು ರಾಯರ ಕಾರನ್ನು ತೊಳೆದು, ಬಾನೆಟ್ ಎತ್ತಿ, ಒಂದು ಹಾಳೆಯ ಮೇಲೆ ಹದಿನಾಲ್ಕು ಭಾಗಗಳ ಪಟ್ಟಿ ಮಾಡಿಕೊಂಡು, ಒಂದೊಂದಕ್ಕೂ ವಿಭೂತಿ, ಕುಂಕುಮ ಹಚ್ಚಿ ಪಟ್ಟಿಯಲ್ಲಿ ಗುರುತು ಹಾಕುತ್ತ ಹೋದೆ. ಬ್ಯಾಟರಿ ಆಯಿತು, ರೇಡಿಯೇಟರ್ ಆಯಿತು, ಕಾರ್ಬುರೇಟರ್ ಆಯಿತು. ಒಂಬತ್ತನೆಯದಕ್ಕೆ ಬಂದಾಗ ಆರತಿ ತಟ್ಟೆ ಹಿಡಿದು ನಿಂತಿದ್ದ ನನ್ನ ಹೆಂಡತಿ ಸುಭದ್ರಾ ಕೇಳಿದಳು.

“ಏನ್ರೀ ಅದು, ಏಡಿಹಂಗ ಕೂತೈತಿ?”

“ಡಿಸ್ಟ್ರಿಬ್ಯೂಟರ್. ನಾಲ್ಕೂ ಪ್ಲಗ್ಗಿಗೆ ಕಿಡಿ ಹಂಚೂದು ಅದಽ.”

“ಅಂದ್ರ ಎಲ್ಲಾರಿಗೂ ಉಣ್ಣಾಕ ಬಡಸೂದು ಅದು. ಅನ್ನಪೂರ್ಣಿ ಇದ್ದಂಗ. ಮತ್ತ ಅದರ ಹಿತ್ತಾಳಿ ಪಟ್ಟಿ ಆಕಡೆ ಐತಲ್ಲ? ದೇವರ ಮಾರಿ ಗ್ವಾಡಿ ಕಡೆ ಇರಬಾರದ್ರೀ. ಪೂಜಿ ಮುಟ್ಟೂದಿಲ್ಲ.”

ನಾನು ಬಗ್ಗಿ ನೋಡಿದೆ. ಹಿತ್ತಾಳೆ ಫಲಕ ನಿಜವಾಗಿಯೂ ಇಂಜಿನ್ ಗೂಡಿನ ತಗಡಿನ ಗೋಡೆಯ ಕಡೆಗಿತ್ತು. ಬೆರಳು ತೂರುವಷ್ಟು ಜಾಗವಿರಲಿಲ್ಲ. ಬುಡದಲ್ಲಿ ಒಂದು ಬೋಲ್ಟು ಮಾತ್ರ ಕೈಗೆ ಸಿಗುವಂತಿತ್ತು. ರಾಯರ ಪೆಟ್ಟಿಗೆಯಿಂದ ಹತ್ತು ನಂಬರಿನ ಪಾನಾ ತೆಗೆದು ಬೋಲ್ಟು ಸಡಿಲಿಸಿದೆ. ಡಿಸ್ಟ್ರಿಬ್ಯೂಟರ್ ಬಹಳ ವಿನಯದಿಂದ ತಿರುಗಿತು. ಎರಡು ಗೋಧಿಕಾಳಿನಷ್ಟು ತಿರುಗಿಸುವಷ್ಟರಲ್ಲಿ ತಂತಿಗಳು ಬಿಗಿದವು. ಫಲಕದ ಅಂಚು ಕಂಡಿತು. ಕಂಡಷ್ಟಕ್ಕೇ ಕುಂಕುಮ ಹಚ್ಚಿ, ಬೋಲ್ಟನ್ನು ಚೆನ್ನಾಗಿ ಬಿಗಿದು, ಪಟ್ಟಿಯಲ್ಲಿ ಒಂಬತ್ತಕ್ಕೆ ಗುರುತು ಹಾಕಿದೆ. ಆಮೇಲೆ ಪಾನಾಗಳನ್ನೂ ನನ್ನ ನಕ್ಷೆಯ ಪೆಟ್ಟಿಗೆಯನ್ನೂ ಸುಭದ್ರೆಯ ಈಳಿಗೆಯನ್ನೂ ಒಂದೇ ಸಾಲಿನಲ್ಲಿ ಇಟ್ಟು ಹೂ ಏರಿಸಿದೆವು. ಪೂಜೆ ಸಾಂಗವಾಯಿತು.

ಸಂಜೆ ನಾಲ್ಕಕ್ಕೆ ಚಾಲೂ ಮಾಡುವ ಡ್ಯೂಟಿ. ಕೀಲಿ ತಿರುಗಿಸಿದೆ. ಇಂಜಿನ್ನು ಒಮ್ಮೆ ಹಿಂದಕ್ಕೆ ಒದ್ದು, ಯೋಚಿಸಿ, ಆಮೇಲೆ ಚಾಲೂ ಆಯಿತು. ನಿಂತಲ್ಲಿ ತಣ್ಣಗಿತ್ತು. ಸಮತಟ್ಟಿನಲ್ಲಿ ಸುಮ್ಮನಿತ್ತು. ಮಾಸಬ್ ಟ್ಯಾಂಕಿನ ಏರು ಬಂದದ್ದೇ ತಡ, ಬಾನೆಟ್ಟಿನ ಒಳಗೆ ಯಾರೋ ತಗಡಿನ ಡಬ್ಬಿಯಲ್ಲಿ ಗಜ್ಜುಗ ಹಾಕಿ ಕುಲುಕತೊಡಗಿದರು. ಕಾಲು ತೆಗೆದರೆ ನಿಲ್ಲುತ್ತದೆ, ಒತ್ತಿದರೆ ಕುಲುಕುತ್ತದೆ.

ಅಲ್ಲಿಂದಲೇ ತಿರುಗಿ, ಎರಡನೇ ಗೇರಿನಲ್ಲಿ ಮನೆಗೆ ಬಂದು, ನೇರ ದೇವರ ಕೋಣೆಗೆ ಹೋಗಿ ಪಾನಾಕ್ಕೆ ಕೈ ಚಾಚಿದೆ.

“ಹುಷಾರ್!” ಎಂದಳು ಸುಭದ್ರಾ. “ಪೂಜಿಗಿಟ್ಟಿದ್ದನ್ನ ಎತ್ತತೀರೇನು?”

“ಒಂದಽ ನಿಮಿಷ. ಹತ್ತು ನಂಬರಿಂದು ಒಂದಽ.”

“ಈಳಿಗಿ ಪೂಜಿಗೈತಿ ಅಂತ ನಾ ಬದನಿಕಾಯಿ ಕೈಲೇ ಮುರದು ಪಲ್ಯಾ ಮಾಡೀನಿ. ನಿಮಗ ಬ್ಯಾರೆ ಶಾಸ್ತ್ರ ಐತೇನು? ನಾಳೆ ಸಂಜೀ ಪೂಜಿ ಆಗೂತನಕಾ ಅದು ಪಾನಾ ಅಲ್ಲ, ದೇವರು.”

ಬೇರೆ ಮನೆಯಿಂದ ಕೇಳೋಣವೆಂದರೆ ಓಣಿಯ ಹನ್ನೊಂದೂ ಮನೆಯ ಪಾನಾಗಳು ಹೂ ಮುಡಿದು ಕೂತಿದ್ದವು.

ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದೆ ಖಾಜಾ ಮಿಯಾ ಅವರ ಗ್ಯಾರೇಜಿತ್ತು. ರಾಯರ ಕಾರನ್ನು ಇಪ್ಪತ್ತು ವರ್ಷದಿಂದ ನೋಡಿದವರು ಅವರೇ. ಮೂಲತಃ ಚಿಂಚೋಳಿ ಕಡೆಯವರಾದ್ದರಿಂದ ನಮ್ಮೊಡನೆ ಕನ್ನಡವನ್ನೇ ಆಡುತ್ತಿದ್ದರು. ಅವರು ಮುಸಲ್ಮಾನರು, ಅವರ ಪಾನಾಗಳಿಗೆ ಈ ದಿನ ರಜೆ ಇರಲಾರದು ಎಂದು ಲೆಕ್ಕ ಹಾಕಿ ನಡೆದುಕೊಂಡೇ ಹೋದೆ. ಹೋಗಿ ನೋಡಿದರೆ ಗ್ಯಾರೇಜಿನ ಮಧ್ಯೆ ಜಮಖಾನ, ಜಮಖಾನದ ಮೇಲೆ ಪಾನಾ, ಹ್ಯಾಮರು, ಜಾಕು, ಎಲ್ಲಕ್ಕೂ ಚೆಂಡುಹೂವಿನ ಮಾಲೆ. ಪಕ್ಕದಲ್ಲಿ ಖಾಜಾ ಮಿಯಾ ಬಿಳಿ ಜುಬ್ಬಾ ತೊಟ್ಟು ಚಹಾ ಕುಡಿಯುತ್ತಿದ್ದರು.

“ನೀವೂನಾ?” ಎಂದೆ.

“ನಮ್ಮ ಉಸ್ತಾದರು ಹಾಕಿಕೊಟ್ಟ ರಿವಾಜ ಸಾಬ್. ಈದ್ ದಿನ ನಾ ಆರಾಮ ಮಾಡತೀನಿ, ಇವತ್ತ ಇವು ಆರಾಮ ಮಾಡತಾವ. ನಾಳೆ ಸಂಜೀತನಕಾ ಕೈ ಹಚ್ಚಂಗಿಲ್ಲ. ಹೇಳ್ರಿ, ಕಿವಿಗೇನೂ ಸುಟ್ಟಿ ಇಲ್ಲ. ಆವಾಜ್ ಹೆಂಗ ಬರತೈತಿ?”

“ಟಕ್ ಟಕ್ ಟಕ್ ಅಂತ.”

“ಅದು ಟ್ಯಾಪೆಟ್ ಆತು. ಅದಕ್ಕ ಯಾಕ ಇಷ್ಟು ಮಾರಿ ಸಣ್ಣ ಮಾಡೀರಿ?”

“ಅಲ್ಲ ಅಲ್ಲ. ಟಣ್, ಟಣ್.”

“ಯಾ ಅಲ್ಲಾ! ಅದು ಬೇರಿಂಗ್. ಇಂಜಿನ್ ಖಲಾಸ್.”

ಕಣ್ಣು ಮುಚ್ಚಿ, ಮಾಸಬ್ ಟ್ಯಾಂಕಿನ ಏರನ್ನು ನೆನೆದು, ಕೈಯಲ್ಲಿ ಸ್ಟೇರಿಂಗ್ ಹಿಡಿದಂತೆ ಮಾಡಿ, ಗಂಟಲಿನ ಒಳಗಿನಿಂದ, “ಚರ್ಟರ ಚರ್ಟರ ಚರ್ಟರ” ಎಂದೆ.

“ಇನ್ನೂ ಜೋರ್ ಮಾಡ್ರಿ. ಏರು ಹತ್ತಸ್ರಿ.”

ಏರು ಹತ್ತಿಸಿದೆ. ಬಸ್ಸಿಗೆ ಕಾದಿದ್ದ ನಾಲ್ಕೈದು ಮಂದಿ ಬಂದು ಸುತ್ತ ನಿಂತರು. ಒಬ್ಬ ಹೆಂಗಸು ಕೈಚೀಲ ಕೆಳಗಿಟ್ಟು, ಪಾಪ, ಇವರಿಗೆ ಎಷ್ಟು ದಿನದಿಂದ ಹೀಗೆ ಎಂದು ತೆಲುಗಿನಲ್ಲಿ ಖಾಜಾ ಮಿಯಾ ಅವರನ್ನು ಕೇಳಿದರು.

“ಇವತ್ತ ನಾಲ್ಕು ಗಂಟೆಯಿಂದ” ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, “ಚಾಲೂ ಮಾಡುವಾಗ ಹಿಂದಕ್ಕ ಒದೀತೈತೇನು?”

“ಒದೀತೈತಿ.”

“ಖಾಲಿ ನಿಂತಾಗ ಆವಾಜ್ ಇಲ್ಲ?”

“ಇಲ್ಲ.”

“ಹಂಗಾದ್ರ ಮುಗೀತು. ಟೈಮಿಂಗ್. ಡೆಲ್ಕೋ ತಿರುಗೈತಿ.” ಡಿಸ್ಟ್ರಿಬ್ಯೂಟರಿಗೆ ಅವರ ಭಾಷೆಯಲ್ಲಿ ಡೆಲ್ಕೋ ಎಂದು ಹೆಸರು. “ಪಿಸ್ಟನ್ ಇನ್ನೂ ಮ್ಯಾಲೆ ಬರಾಕತ್ತಿರತೈತಿ, ಅಷ್ಟರಾಗಽ ಕಿಡಿ ಹಾರತೈತಿ. ಅಟ್ಟ ಹತ್ತಾವನ ತಲಿ ಮ್ಯಾಲೆ ಬಾಗಲಾ ಹಾಕಿದಂಗ. ಬಡಕೊಳ್ಳದ ಏನು ಮಾಡತೈತಿ? ಡೆಲ್ಕೋ ತಾನಾಗಿ ತಿರಗೂದಿಲ್ಲ ಸಾಬ್. ಯಾವ ಗಾಂವಾರ ಕೈ ಹಚ್ಚಿದ?”

ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಆ ಗಾಂವಾರ ಎನ್ನುವ ಪದ ಅಲ್ಲಿ ಅಡ್ಡ ಕೂತಿತ್ತು.

“ಯಾರೂ ಹಚ್ಚಿಲ್ಲ” ಎಂದೆ.

“ಯಾರೂ ಇಲ್ಲ?” ಖಾಜಾ ಮಿಯಾ ಗಡ್ಡ ಕೆರೆದರು. “ಇಂಜಿನಿಯರ್ ಸಾಬ್ ಹೇಳಿದ ಮ್ಯಾಲೆ ಖರೇನಽ ಇರಬೇಕು. ಹಂಗಾದ್ರ ಒಳಗ ಕಾರ್ಬನ್ ಕೂತೈತಿ, ಹೆಡ್ ಬಿಚ್ಚಬೇಕು, ಮೂರು ದಿನದ ಕೆಲಸ. ಇಲ್ಲಾಂದ್ರ ಪೆಟ್ರೋಲ್ ಖರಾಬ್ ಇರಬೇಕು.”

ಒಂದು ಸುಳ್ಳಿನಿಂದ ಎರಡು ಗೋಧಿಕಾಳಿನ ರೋಗ ಮೂರು ದಿನದ ಶಸ್ತ್ರಚಿಕಿತ್ಸೆಯಾಯಿತು.

ಓಣಿಗೆ ಮರಳಿದರೆ ರಾಯರ ಕಾರಿನ ಸುತ್ತ ಜನ. ನಾನು ಎರಡನೇ ಗೇರಿನಲ್ಲಿ ಬಂದದ್ದನ್ನು ಯಾರೋ ನೋಡಿ ಎಲ್ಲರಿಗೂ ಹೇಳಿದ್ದರು. ಮುಂದೆ ನಿಂತಿದ್ದವರು ಎದುರುಮನೆಯ ಬಸವಲಿಂಗಪ್ಪನವರು. ಸಿವಿಲ್ ಸಪ್ಲೈಸ್ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಹದಿನೆಂಟು ವರ್ಷದ ಸೇವೆಯಲ್ಲಿ ಅವರ ಕೈಗೆ ದೊಡ್ಡ ಪ್ರಕರಣ ಒಂದೂ ಸಿಕ್ಕಿರಲಿಲ್ಲ.

“ಏನಂದ ಖಾಜಾ?” ಎಂದು ಕೇಳಿದರು.

“ಅದು… ಪೆಟ್ರೋಲ್…” ಎಂದೆ. ದೇವರಾಣೆ, ನಾನು ಹೇಳಿದ್ದು ಅಷ್ಟೇ.

“ಕಲಬೆರಕಿ!” ಬಸವಲಿಂಗಪ್ಪನವರ ಮುಖ ದೀಪಾವಳಿಯಾಯಿತು. “ನನಗ ಮೊದಲಽ ಗುಮಾನಿ ಇತ್ತು. ಘಾಸಲೇಟ್, ಚಿಮಣಿ ಎಣ್ಣಿ ಬೆರಸಾಕತ್ತಾನ ಆ ಪಂಪಿನ ನರಸಿಂಹ. ಎಲ್ಲಿ, ಆವಾಜ್ ಕೇಳಸ್ರಿ.”

ಚಾಲೂ ಮಾಡಿದೆ. ಕಾರು ನಿದ್ದೆಯಲ್ಲಿರುವ ಕೂಸಿನಂತೆ ಉಸಿರಾಡಿತು. ಐದಾರು ಜನ ಬಾನೆಟ್ಟಿಗೆ ಕಿವಿ ಹಚ್ಚಿದರು. ನಿವೃತ್ತ ಹೆಡ್‌ಮಾಸ್ತರರು ಇದು ಸಂಪೂರ್ಣ ಆರೋಗ್ಯದ ಲಕ್ಷಣವೆಂದರು.

“ಏರಿನ್ಯಾಗ ಮಾತ್ರ ಬರತೈತ್ರಿ” ಎಂದೆ.

“ಹಂಗಾದ್ರ ಏರಿಗೆ ನಡೀರಿ.” ಆರು ಜನ ಒಳಗೆ ತುಂಬಿಕೊಂಡರು. ಭಾರ ಹೆಚ್ಚಿದಷ್ಟೂ ಇಂಜಿನ್ನಿನ ಕಷ್ಟ ಹೆಚ್ಚು. ಮಾಸಬ್ ಟ್ಯಾಂಕಿನ ಏರಿನಲ್ಲಿ ಅದು ಹೊಡೆದುಕೊಂಡ ರೀತಿಗೆ ರಸ್ತೆಯ ಬದಿಯ ಜನ ಮದುವೆ ಮೆರವಣಿಗೆ ಬಂತೆಂದು ತಿರುಗಿ ನೋಡಿದರು. ಸದ್ದು ಸ್ವಲ್ಪ ಕಡಿಮೆಯಾಗಲೆಂದು ಹೆಡ್‌ಮಾಸ್ತರರು ಇಳಿದರು, ಕಡಿಮೆಯಾಯಿತು. ಕೂಡಲೇ ಬಸವಲಿಂಗಪ್ಪನವರು ಅವರ ಮೇಲೆ ಸಂಶಯದ ನೋಟ ಬೀರಿದರು.

ಮರಳಿ ಬಂದವರೇ ಮಾದರಿ ತೆಗೆದರು. ಟ್ಯಾಂಕಿನಿಂದ ನಳಿಕೆ ಹಾಕಿ, ಅವರ ಮನೆಯಿಂದ ತಂದ ಬಾಟಲಿಗೆ ಪೆಟ್ರೋಲ್ ಹಿಡಿದು, ಅರಗು ಹಚ್ಚಿ ಮೊಹರು ಮಾಡಿದರು. ಅದು ಉಪ್ಪಿನಕಾಯಿ ಬಾಟಲಿ. ಪೆಟ್ರೋಲಿಗೆ ಇಂಗು, ಮೆಂತ್ಯದ ವಾಸನೆ ಬಂದದ್ದನ್ನು ಅವರು ಕಲಬೆರಕೆಯ ಇನ್ನೊಂದು ಪುರಾವೆಯೆಂದು ಬರೆದುಕೊಂಡರು.

“ಬಸವಲಿಂಗಪ್ಪನವರ, ಪೆಟ್ರೋಲಽ ಇರಬೇಕಂತೇನಿಲ್ಲ” ಎಂದೆ ನಾನು, ಕೆಮ್ಮಿ.

“ನೀವು ಭಾಳ ಮೆತ್ತಗಿನವರು ವಾಸುದೇವರ. ಪಂಪಿನವನ ಮ್ಯಾಲೆ ಕರುಣಾ ಬ್ಯಾಡ. ನಾಳೆ ರಾಯರ ಎದುರಿಗೆ ಪಂಚನಾಮೆ. ತಜ್ಞರ ಸಹಿ ನಿಮ್ಮದು. ಆಫೀಸು ತೆರೆದ ದಿನ ಪಂಪಿಗೆ ಬೀಗ!”

ದಶಮಿಯ ದಿನ ಮೂರು ಗಂಟೆಗೆ ರಾಯರು ಅಳಿಯನೊಂದಿಗೆ ಆಟೋದಿಂದ ಇಳಿದರು. ಮಲ್ಲಿಕಾರ್ಜುನ ಕೆಟ್ಟವನಲ್ಲ. ಬ್ಯಾಂಕಿನಲ್ಲಿ ಕೆಲಸ, ಮಾವನ ಬಗ್ಗೆ ನಿಜವಾದ ಕಾಳಜಿ. ಆದರೆ ಓಣಿಯೆಲ್ಲ ಕಾರಿನ ಸುತ್ತ ನಿಂತದ್ದನ್ನು ಕಂಡು ಅವನ ಮುಖದಲ್ಲಿ ಮೂಡಿದ ಶಾಂತಿ ನನಗೆ ಹಿಡಿಸಲಿಲ್ಲ.

“ಏನಾಗೈತ್ರಿ ಗಾಡಿಗೆ?” ಎಂದು ಕೇಳಿದ.

ಎಲ್ಲರೂ ಒಟ್ಟಿಗೆ ಹೇಳಿದರು. ರಾಯರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು, ಜ್ವರ ನೋಡುವವರಂತೆ.

“ನೋಡ್ರಿ ಮಾಮಾ” ಎಂದ ಮಲ್ಲಿಕಾರ್ಜುನ, ಮೆತ್ತಗೆ. “ನಾ ಖುಷಿಲೆ ಹೇಳೂದಿಲ್ಲ. ಪೆಟ್ರೋಲೋ, ಇಂಜಿನ್ನೋ, ಏನರ ಇರಲಿ. ತಕರಾರು ಬಂತು. ನೀವು ಒಂದು ದಿನ ಏರಿನ್ಯಾಗ ಒಬ್ಬರಽ ನಿಂತ್ರ ಯಾರು ನೋಡೂವರು? ಕಬಾಡಿಯವಗ ಐದಕ್ಕ ಬಾ ಅಂದೀನಿ.”

“ಮಾತು ಕೊಟ್ಟೀನಿ” ಎಂದರು ರಾಯರು. “ಮಾತು ಅಂದ್ರ ಮಾತು.” ಮೂರೇ ನಿಮಿಷದ ಹಿಂದೆ ಆಟೋದಿಂದ ಜಿಗಿದು ಇಳಿದ ಮನುಷ್ಯ ಈಗ ಕಟ್ಟೆಯ ಮೇಲೆ ಕೂರಲು ಕೈ ಊರಿದರು.

ಅಷ್ಟರಲ್ಲಿ ಪೆಟ್ರೋಲ್ ಪಂಪಿನ ನರಸಿಂಹ ತನ್ನ ಸ್ಕೂಟರ್ ಮೇಲೆ ಧಾವಿಸಿ ಬಂದ. ತೆಲುಗಿನವನಾದರೂ ಗಿರಾಕಿಗಳಿಂದ ಕಲಿತ ಕನ್ನಡ ಅವನಿಗಿತ್ತು.

“ಸಾರ್, ನನ್ನ ಪಂಪು ಮ್ಯಾಲೆ ಕಂಪ್ಲೇಂಟ್ ಅಂತೆ! ಹನ್ನೆರಡು ವರ್ಷ ಆಯ್ತು ಸಾರ್, ಒಂದು ಚುಕ್ಕ ಕಲಬೆರಕೆ ಲೇದು. ನನ್ನ ಸ್ಕೂಟರಿಗೂ ಅದೇ ಪೆಟ್ರೋಲ್. ಬಸವಲಿಂಗಪ್ಪ ಸಾರ್, ನಿಮ್ಮ ಸ್ಕೂಟರಿಗೂ ಅದೇ, ಮೊನ್ನೆ ನಾನೇ ಹಾಕಿದ್ದು. ಅದು ಹೊಡಕೊಂಡಿತಾ?”

“ನನ್ನ ಸ್ಕೂಟರ್ ಸರ್ಕಾರಿ ಸಾಕ್ಷಿ. ಅದರ ಸುದ್ದಿ ತಗೀಬ್ಯಾಡ” ಎಂದರು ಬಸವಲಿಂಗಪ್ಪ. ಮಡಚಿದ ಕಾಗದ ಬಿಚ್ಚಿ ಓದತೊಡಗಿದರು. “ಈ ಕೆಳಗೆ ಸಹಿ ಮಾಡಿದ ಇಂಜಿನಿಯರ್ ವಾಸುದೇವ ಎಂಬ ನಾನು, ಸದರಿ ವಾಹನವನ್ನು ಕೂಲಂಕಷವಾಗಿ ಪರೀಕ್ಷಿಸಿ, ಸದರಿ ಸದ್ದಿಗೆ ಸದರಿ ಪಂಪಿನ ಪೆಟ್ರೋಲೇ ಕಾರಣವೆಂದು ನನ್ನ ವೃತ್ತಿಯ ಮೇಲೆ ಪ್ರಮಾಣ ಮಾಡಿ…” ಪೆನ್ನನ್ನು ನನ್ನ ಕೈಗೆ ಕೊಟ್ಟರು. “ಇಲ್ಲಿ ಒತ್ತಿ ಬರೀರಿ. ಕೆಳಗ ಕಾರ್ಬನ್ ಐತಿ.”

ನನ್ನ ಒಂದು ಕಡೆ ನರಸಿಂಹ ಕೈ ಮುಗಿದು ನಿಂತಿದ್ದ. ಇನ್ನೊಂದು ಕಡೆ ರಾಯರು ಕಟ್ಟೆಯ ಮೇಲೆ ಕಾರಿನ ಕಡೆ ನೋಡದೆ ಕೂತಿದ್ದರು. ಹದಿನೈದು ವರ್ಷ ನೌಕರಿಯಲ್ಲಿ ತಪ್ಪು ಅಳತೆಯ ನಕ್ಷೆಗೆ ನಾನು ಒಮ್ಮೆಯೂ ಸಹಿ ಮಾಡಿದವನಲ್ಲ. ಪೆನ್ನು ಕಾಗದಕ್ಕೆ ಇಳಿಯಲೇ ಇಲ್ಲ.

“ನಾನು ಇಂಜಿನಿಯರ್ ಅಲ್ಲ” ಎಂದೆ.

“ಏನಂದ್ರಿ?”

“ನಕ್ಷಾ ತಗಿಯಾವ. ಡ್ರಾಫ್ಟ್ಸ್‌ಮನ್. ಆರು ವರ್ಷದಿಂದ ಹೇಳಬೇಕಂತಿದ್ದೆ. ಪೆಟ್ರೋಲಿನ್ಯಾಗ ಏನೂ ಇಲ್ಲ. ಡೆಲ್ಕೋ ನಾನಽ ತಿರುಗಿಸೀನಿ.”

ಹೆಡ್‌ಮಾಸ್ತರರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

“ಯಾಕ ತಿರುಗಿಸಿದಿ?” ಎಂದು ರಾಯರು ಕಟ್ಟೆಯಿಂದಲೇ ಕೇಳಿದರು.

“ಮಾರಿ ಗ್ವಾಡಿ ಕಡೆ ಇತ್ತು ರಾಯರ. ಕುಂಕುಮ ಹಚ್ಚಾಕ ಬರಲಿಲ್ಲ.”

ರಾಯರು ನನ್ನನ್ನು ದಿಟ್ಟಿಸಿದರು. ಬೈಗುಳಕ್ಕೆ ನಾನು ತಲೆ ತಗ್ಗಿಸಿ ಸಿದ್ಧನಾದೆ. ಆದರೆ ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಹೆಗಲು, ಆಮೇಲೆ ಇಡೀ ಮನುಷ್ಯ. ಕಟ್ಟೆ ಹಿಡಿದುಕೊಂಡು ನಕ್ಕರು. “ಅಲೆಲೆ! ಇಪ್ಪತ್ತೊಂದು ವರ್ಷ ಆ ಡೆಲ್ಕೋ ಮಾರಿ ತಿರುವಿಕೊಂಡಽ ಕೂತೈತಿ. ನನಗಽ ಗೊತ್ತಾಗಲಿಲ್ಲ ನೋಡು!”

“ಪ್ರಕರಣ?” ಎಂದರು ಬಸವಲಿಂಗಪ್ಪನವರು, ಅನಾಥ ಧ್ವನಿಯಲ್ಲಿ.

“ಆದ್ರೂ ತಕರಾರು ತಕರಾರಽ ಮಾಮಾ” ಎಂದ ಮಲ್ಲಿಕಾರ್ಜುನ. “ಇವರು ಹೇಳೂದು ಖರೇನೋ ಸುಳ್ಳೋ ಯಾರಿಗೆ ಗೊತ್ತು? ನಿನ್ನೆ ಪೆಟ್ರೋಲ್ ಅಂದಾರ, ಇವತ್ತ ಪೂಜಿ ಅಂತಾರ.”

ಅವನ ಮಾತಿನಲ್ಲಿ ನ್ಯಾಯವಿತ್ತು. ನಾನು ಓಡಿದೆ. ಬಸ್ ನಿಲ್ದಾಣದ ತನಕ ನಿಲ್ಲದೆ ಓಡಿ, ಗ್ಯಾರೇಜಿನಲ್ಲಿ ಆಗಷ್ಟೇ ಮಾಲೆ ತೆಗೆಯುತ್ತಿದ್ದ ಖಾಜಾ ಮಿಯಾ ಅವರ ಮುಂದೆ ನಿಂತು, “ಆ ಗಾಂವಾರ ನಾನಽ” ಎಂದೆ.

“ಗೊತ್ತಿತ್ತು” ಎಂದರು ಅವರು. “ನಿಮ್ಮ ಉಗುರಿನ್ಯಾಗ ಕುಂಕುಮ ಇತ್ತು. ನೀವಽ ಹೇಳತೀರೇನೋ ಅಂತ ನಿನ್ನೆಯಿಂದ ಕಾಯಾಕತ್ತೀನಿ. ನಡೀರಿ, ಈ ವರ್ಷದ ಬೋಣಿ ನಿಮ್ಮದಽ.”

ಅವರು ಸಣ್ಣ ಬಲ್ಬು, ಎರಡು ತಂತಿ, ಒಂದು ಪಾನಾ ಹಿಡಿದು ಬಂದರು. ಇಂಜಿನ್ನನ್ನು ಕೈಯಿಂದ ತಿರುಗಿಸಿ ಪುಲ್ಲಿಯ ಮೇಲಿನ ಗುರುತನ್ನು ಸೂಜಿಯ ಎದುರಿಗೆ ತಂದರು. ಬೋಲ್ಟು ಸಡಿಲಿಸಿ ಡೆಲ್ಕೋವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಹಿಂದಕ್ಕೆ ಸರಿಸುತ್ತ ಹೋದರು. ಬಲ್ಬು ಹತ್ತಿದ ಕ್ಷಣಕ್ಕೆ ಕೈ ನಿಲ್ಲಿಸಿ ಬಿಗಿದರು. ಇಡೀ ಕೆಲಸಕ್ಕೆ ಒಂದು ಕಪ್ಪು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಹಿತ್ತಾಳೆ ಫಲಕ ಮತ್ತೆ ಗೋಡೆಯ ಕಡೆ ತಿರುಗಿತು. ಸುಭದ್ರಾ ಕಿಟಕಿಯಿಂದ ನೋಡುತ್ತಿದ್ದಳು. ಅಲ್ಲಿಂದಲೇ ಕೈ ಮುಗಿದಳು.

“ಈಗ ಪರೀಕ್ಷಾ ಆಗಲಿ” ಎಂದರು ರಾಯರು. “ಮಲ್ಲಿಕಾರ್ಜುನಾ, ನೀ ಹಿಂದ ಕೂಡು. ಬಸವಲಿಂಗಪ್ಪಾ, ನೀವೂ ಬರ್ರಿ, ನಿಮ್ಮ ತೂಕಕ್ಕ ಬೆಲಿ ಐತಿ. ನರಸಿಂಹಾ, ಹತ್ತು. ಪೆಟ್ರೋಲಿನ ಮಾನ ನಿನ್ನದು.”

ಮುಂದಿನ ಉದ್ದನೆಯ ಸೀಟಿನಲ್ಲಿ ರಾಯರು, ನಡುವೆ ಖಾಜಾ ಮಿಯಾ, ಬಾಗಿಲ ಕಡೆ ನಾನು. ಹಿಂದೆ ಮೂವರು. ಐದಕ್ಕೆ ಬರಬೇಕಿದ್ದ ಕಬಾಡಿಯವನು ನಾಲ್ಕೂವರೆಗೇ ಬಂದು ಓಣಿಯ ಬಾಯಲ್ಲಿ ನಿಂತಿದ್ದ. ನಾವು ಅವನ ಮುಂದೆಯೇ ಹಾದುಹೋದೆವು.

ಮಾಸಬ್ ಟ್ಯಾಂಕ್ ಏರಿದೆವು. ಸದ್ದಿಲ್ಲ. ಬಂಜಾರಾ ಹಿಲ್ಸ್ ಕಡೆ ತಿರುಗಿದೆವು. ಆರು ಜನ ಉಸಿರು ಬಿಗಿಹಿಡಿದು ಕೂತಿದ್ದರಿಂದ ಕಾರು ನಮ್ಮೆಲ್ಲರ ಪಾಲಿನ ಉಸಿರನ್ನೂ ತಾನೇ ಆಡುತ್ತಿರುವಂತೆ ಕೇಳುತ್ತಿತ್ತು. ಎಲ್ಲಕ್ಕಿಂತ ಕಡಿದಾದ ಏರು ಬಂತು. ರಾಯರು ಗೇರು ಇಳಿಸಲಿಲ್ಲ. ಬೇಕೆಂದೇ ಮೇಲಿನ ಗೇರಿನಲ್ಲಿ ಒತ್ತಿದರು. ಅರ್ಧ ಏರಿಗೆ ಬಂದಾಗ,

ಟಟಟಟಟಟ.

“ಬಂತು!” ಎಂದು ಮಲ್ಲಿಕಾರ್ಜುನ ಸೀಟಿನ ತುದಿಗೆ ಜಿಗಿದ. “ಕೇಳ್ರಿ ಮಾಮಾ! ಬಂತು!”

ರಾಯರ ಕೈ ಸ್ಟೇರಿಂಗಿನ ಮೇಲೆ ಬಿಗಿಯಿತು. ನರಸಿಂಹ ದೇವರ ಹೆಸರು ಹೇಳಿದ. ಬಸವಲಿಂಗಪ್ಪನವರು ಕತ್ತಲಲ್ಲಿ ದೀಪ ಕಂಡವರಂತೆ ಜೇಬಿನ ಕಾಗದಕ್ಕೆ ಕೈ ಹಾಕಿದರು.

ಖಾಜಾ ಮಿಯಾ ಮಾತ್ರ ಮುಂದೆ ನೋಡುತ್ತಲೇ ತಮ್ಮ ಕೈಯನ್ನು ಪಕ್ಕಕ್ಕೆ ಚಾಚಿ ನನ್ನ ಮೊಣಕಾಲನ್ನು ಒತ್ತಿ ಹಿಡಿದರು. ಬಾಗಿಲಿನ ತಗಡಿಗೆ ಬಡಿಯುತ್ತಿದ್ದ ಮೊಣಕಾಲು ನಿಂತಿತು. ಸದ್ದೂ ನಿಂತಿತು.

“ಗಾಡಿದು ಬರೋಬರಿ ಐತಿ” ಎಂದರು. “ಇವರದಽ ಟೈಮಿಂಗ್ ಜರಾ ಮುಂದ ಓಡಾಕತ್ತೈತಿ.”

ಏರಿನ ತುದಿ ಮುಟ್ಟುವ ತನಕ ಅವರು ಆ ಮೊಣಕಾಲನ್ನು ಬಿಡಲಿಲ್ಲ.

ಗಂಗೂಬಾಯಿಯವರು ಗೇಟಿನಲ್ಲೇ ನಿಂತಿದ್ದರು. ಎಲ್ಲರೂ ಬನ್ನಿ ಎಲೆ ಕೊಟ್ಟು ತೆಗೆದುಕೊಂಡೆವು. ನಾವು ನೀವು ಬಂಗಾರದ ಹಾಗೆ ಇರೋಣ ಎಂದೆವು. ಬಸವಲಿಂಗಪ್ಪನವರು ನರಸಿಂಹನಿಗೂ ಕೊಟ್ಟರು, ಸ್ವಲ್ಪ ತಡವಾಗಿ. ಕೊನೆಗೆ ಗಂಗೂಬಾಯಿಯವರು ನನ್ನ ಕಡೆ ನೋಡಿ, “ಅಣ್ಣಾ, ಇವರು ಯಾರು? ನೀ ಪತ್ರದಾಗ ಬರದಿದ್ದಿಯಲ್ಲ, ಇಂಜಿನಿಯರ್, ಅವರಽ ಏನು?” ಎಂದು ಕೇಳಿದರು.

ನಾನು ನೆಲ ನೋಡಿದೆ. ರಾಯರು ಗಂಟಲು ಸರಿಮಾಡಿಕೊಂಡರು.

“ಇಲ್ಲವ್ವಾ. ಇವರು ವಾಸುದೇವ. ನಮ್ಮ ಓಣಿಯವರು. ನಕ್ಷಾ ಭಾಳ ಛಂದ ತಗೀತಾರ. ಸಂಜೀ ಸಾಲಿಗೆ ಹೋಗಿ ಕಲತಾರ, ಐದು ವರ್ಷ.”

“ಹೌದಾ?” ಎಂದರು ಗಂಗೂಬಾಯಿ. “ಹಂಗಾದ್ರ ಒಳಗ ಬರ್ರಿ. ಮಹಡಿ ಮ್ಯಾಲೆ ಒಂದು ಖೋಲಿ ಎಬ್ಬಸಬೇಕು ಅಂತೀವಿ, ನಕ್ಷಾ ತಗಿಯಾವರಽ ಸಿಕ್ಕಿಲ್ಲ. ಇಂಜಿನಿಯರ್ ಎಲ್ಲಿ ಬೇಕಾದಲ್ಲಿ ಸಿಗತಾರ.”

ನಾನು ಚಹಾ ಬರುವ ಮೊದಲೇ ಮಹಡಿ ಹತ್ತಿ ಅವರ ಮನೆಯ ಟೇಪು ಬಿಚ್ಚಿದೆ. ಮೇಲಿನಿಂದ ಗೇಟು ಚೆನ್ನಾಗಿ ಕಾಣುತ್ತಿತ್ತು. ರಾಯರು ಕಾರನ್ನು ತಿರುಗಿಸಿ ನಿಲ್ಲಿಸುತ್ತಿದ್ದರು. ಮಲ್ಲಿಕಾರ್ಜುನ ಹಿಂದೆ ನಿಂತು ಎರಡೂ ಕೈ ಬೀಸುತ್ತಿದ್ದ.

“ಬರ್ರಿ ಮಾಮಾ, ಬರ್ರಿ, ಇನ್ನೂ ಜಾಗಾ ಐತಿ, ಜರಾ ಎಡಕ್ಕ!”

“ನಲವತ್ತು ವರ್ಷ ಆತಲೇ ನಾ ಗಾಡಿ ಹೊಡಿಯಾಕತ್ತು” ಎಂದು ಒಳಗಿನಿಂದ ಧ್ವನಿ ಬಂತು. “ನೀ ಸರಿ.”

ಅವನು ಸರಿದ.